ಲ್ಯಾಬ್ ಆರ್ಡರ್ ಹೊರಟು ರಿಸಲ್ಟ್ ಬರುವವರೆಗೆ: ನಡುವಿನ ಕಂಪ್ಯೂಟರುಗಳು ಏನು ಮಾತಾಡಿಕೊಳ್ಳಬೇಕು?

ರಿಪೋರ್ಟು ಪಿಡಿಎಫ್ ಆಗಿ ವಾಟ್ಸಾಪ್‌ಗೆ ಬಂದುಬಿಟ್ಟರೆ ಲ್ಯಾಬ್ ಡಿಜಿಟಲ್ ಆಯಿತು ಎಂದುಕೊಳ್ಳುವವರೇ ಹೆಚ್ಚು. ಪಿಡಿಎಫ್ ಕಾಗದದ ಫೋಟೋ ಇದ್ದ ಹಾಗೆ, ಅದನ್ನು ಓದಲು ಮನುಷ್ಯನ ಕಣ್ಣೇ ಬೇಕು. ಲ್ಯಾಬ್ ಎಷ್ಟರಮಟ್ಟಿಗೆ ಡಿಜಿಟಲ್ ಆಗಿದೆ ಎಂದು ತಿಳಿಯಲು ಒಂದು ಸುಲಭದ ಪ್ರಶ್ನೆ ಸಾಕು: ಹೋದ ವರ್ಷ ಹುಬ್ಬಳ್ಳಿಯ ಲ್ಯಾಬೊಂದು ಕೊಟ್ಟ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಅಂಕಿಯೂ ಈ ವರ್ಷ ಬೆಂಗಳೂರಿನ ಆಸ್ಪತ್ರೆಯೊಂದು ಕೊಟ್ಟ ಅಂಕಿಯೂ, ಯಾರೂ ಟೈಪ್ ಮಾಡದೆ, ವೈದ್ಯರ ಪರದೆಯಲ್ಲಿ ಒಂದೇ ಗ್ರಾಫಿನೊಳಗೆ ಬಂದು ಕೂರುತ್ತವೆಯೇ? ಕೂರಬೇಕಾದರೆ ಅಂಕಿಯೊಂದೇ ಬಂದರೆ ಸಾಲದು. ಯಾರ ರಕ್ತ, ಯಾವ ಪರೀಕ್ಷೆ, ಯಾವ ಟ್ಯೂಬು, ಎಷ್ಟು ಗಂಟೆಗೆ ತೆಗೆದದ್ದು, ಯಾವ ಯೂನಿಟ್, ರಿಸಲ್ಟ್ ಅಂತಿಮವೋ ತಾತ್ಕಾಲಿಕವೋ ಎಂಬುದೆಲ್ಲ ಆ ಅಂಕಿಯ ಬೆನ್ನಿಗೇ ಕಟ್ಟಿಕೊಂಡು ಬರಬೇಕು.

ಮಧ್ಯಮ ಗಾತ್ರದ ಆಸ್ಪತ್ರೆಯಲ್ಲೂ ಈ ದಾರಿಯಲ್ಲಿ ಮೂರು ನಾಲ್ಕು ತಂತ್ರಾಂಶಗಳು ಸಿಗುತ್ತವೆ. ವೈದ್ಯರೂ ಬಿಲ್ಲಿಂಗಿನವರೂ ಬಳಸುವ ಆಸ್ಪತ್ರೆಯ ತಂತ್ರಾಂಶ, ಲ್ಯಾಬಿನ ತಂತ್ರಾಂಶವಾದ ಎಲ್‌ಐಎಸ್, ಎಲ್‌ಐಎಸ್‌ಗೂ ಯಂತ್ರಗಳಿಗೂ ನಡುವೆ ಕೂರುವ ಮಿಡಲ್‌ವೇರ್, ಕೊನೆಗೆ ಯಂತ್ರದೊಳಗಿನದೇ ಕಂಪ್ಯೂಟರು. ಅಪರೂಪದ ಪರೀಕ್ಷೆಯಾದರೆ ಸ್ಯಾಂಪಲ್ ಹೊರಗಿನ ರೆಫರಲ್ ಲ್ಯಾಬಿಗೂ ಹೋಗುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆ ಕಂಪನಿ ಮಾಡಿರುತ್ತದೆ. ತಪ್ಪು ಹುಟ್ಟುವುದು ಸಾಮಾನ್ಯವಾಗಿ ಇವುಗಳ ಒಳಗಲ್ಲ, ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟುವ ಜಾಗದಲ್ಲಿ.

ಆರ್ಡರ್ ಎಲ್ಲಿ ಹುಟ್ಟುತ್ತದೆ

ನಮ್ಮಲ್ಲಿ ಆರ್ಡರ್ ಹುಟ್ಟುವುದು ಬಹುಪಾಲು ಬಿಲ್ಲಿಂಗ್ ಕೌಂಟರಿನಲ್ಲಿ. ವೈದ್ಯರು ಚೀಟಿಯಲ್ಲಿ ‘ಸಿಬಿಸಿ, ಎಲ್‌ಎಫ್‌ಟಿ, ಶುಗರ್’ ಎಂದು ಬರೆಯುತ್ತಾರೆ (ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆಗಳ ಕಟ್ಟು, ರಕ್ತದ ಸಕ್ಕರೆ), ಕೌಂಟರಿನವರು ಪಟ್ಟಿಯಿಂದ ಆರಿಸಿ ಬಿಲ್ ಹಾಕುತ್ತಾರೆ. ‘ಶುಗರ್’ ಎಂದರೆ ಖಾಲಿ ಹೊಟ್ಟೆಯದೋ, ಊಟವಾದ ಎರಡು ಗಂಟೆಯ ಮೇಲಿನದೋ, ಯಾವಾಗ ಬೇಕಾದರೂ ತೆಗೆದದ್ದೋ? ಆ ತೀರ್ಮಾನ ವೈದ್ಯರ ಕೈಯಿಂದ ಜಾರಿ ಕೌಂಟರಿಗೆ ಹೋಗಿರುತ್ತದೆ. ‘ಎಲ್‌ಎಫ್‌ಟಿ’ ಒಳಗೆ ಏನೇನಿದೆ ಎಂಬುದೂ ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಒಬ್ಬರಲ್ಲಿ ಜಿಜಿಟಿ ಎಂಬ ಕಿಣ್ವದ ಪರೀಕ್ಷೆ ಸೇರಿರುತ್ತದೆ, ಇನ್ನೊಬ್ಬರಲ್ಲಿ ಇರುವುದಿಲ್ಲ. ಹಾಗಾಗಿ ಆರ್ಡರನ್ನು ಪ್ಯಾಕೇಜಿನ ಹೆಸರಿನಲ್ಲಿ ಕೊಟ್ಟರೂ ರಿಸಲ್ಟನ್ನು ಮಾತ್ರ ಒಂದೊಂದು ಘಟಕಕ್ಕೂ ಅದರದೇ ಕೋಡ್ ಕೊಟ್ಟು ಬಿಡಿಬಿಡಿಯಾಗಿ ಕಳಿಸಬೇಕು.

ಆರ್ಡರ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವುದು ಸಂದೇಶದ ರೂಪದಲ್ಲಿ. 1987ರಲ್ಲಿ ಅಮೆರಿಕದಲ್ಲಿ ಶುರುವಾದ, ಆರೋಗ್ಯ ತಂತ್ರಾಂಶಗಳ ಮಾತಿಗೆ ನಿಯಮ ಮಾಡುವ ಎಚ್‌ಎಲ್7 ಸಂಸ್ಥೆಯ ಎರಡನೇ ಆವೃತ್ತಿಯ ಸಂದೇಶಗಳೇ ಇಂದಿಗೂ ಆಸ್ಪತ್ರೆಗಳಲ್ಲಿ ಹೆಚ್ಚು ಓಡಾಡುವುದು. ನೋಡಲು ಚಂದವೇನಿಲ್ಲ: ಸಾಲು ಸಾಲು ಅಕ್ಷರ, ನಡುವೆ ನಿಂತ ಗೆರೆಗಳು. ಪ್ರತಿ ಸಾಲಿನ ಮೊದಲ ಮೂರು ಅಕ್ಷರ ಆ ಸಾಲು ಯಾವುದರ ಬಗ್ಗೆ ಎಂದು ಹೇಳುತ್ತದೆ. ಎಂಎಸ್‌ಎಚ್ ಸಾಲಿನಲ್ಲಿ ಕಳಿಸಿದವರು ಯಾರು, ಯಾವಾಗ, ಪಿಐಡಿಯಲ್ಲಿ ರೋಗಿಯ ವಿವರ, ಒಆರ್‌ಸಿಯಲ್ಲಿ ಇದು ಹೊಸ ಆರ್ಡರೋ, ರದ್ದತಿಯೋ, ಒಬಿಆರ್‌ನಲ್ಲಿ ಕೇಳಿದ ಪರೀಕ್ಷೆ, ಎಸ್‌ಪಿಎಂನಲ್ಲಿ ಸ್ಯಾಂಪಲ್, ಒಬಿಎಕ್ಸ್‌ನಲ್ಲಿ ರಿಸಲ್ಟು.

ಇದರಲ್ಲಿ ಎರಡು ನಂಬರುಗಳು ಜೀವಾಳ. ಆರ್ಡರ್ ಕೊಟ್ಟ ತಂತ್ರಾಂಶ ತನ್ನದೊಂದು ನಂಬರ್ ಹಾಕುತ್ತದೆ, ಅದನ್ನು ಪಡೆದ ಲ್ಯಾಬ್ ತನ್ನದೊಂದು ಹಾಕುತ್ತದೆ. ಎರಡೂ ಕೊನೆಯವರೆಗೆ ಜೊತೆಯಾಗಿರಬೇಕು. ಕೊಟ್ಟವರ ನಂಬರನ್ನು ಲ್ಯಾಬ್ ಎಲ್ಲೋ ಒಂದು ಕಡೆ ಕೈಬಿಟ್ಟರೆ, ವಾಪಸ್ ಬಂದ ರಿಸಲ್ಟು ಯಾವ ಆರ್ಡರಿಗೆ ಸೇರಿದ್ದು ಎಂದು ಆಸ್ಪತ್ರೆಯ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಆಗ ಹೆಸರೂ ತಾರೀಖೂ ನೋಡಿ ಜೋಡಿಸುವ ಅಡ್ಡದಾರಿ ಶುರುವಾಗುತ್ತದೆ, ಒಂದೇ ದಿನ ಇಬ್ಬರು ಮಂಜುಳಾ ಬಂದರೆ ಆ ದಾರಿ ಅಲ್ಲಿಗೇ ಮುಗಿಯಿತು. ಹೆರಿಗೆ ವಾರ್ಡಿನ ‘ಬೇಬಿ ಆಫ್’ ಹೆಸರುಗಳು ಇನ್ನೂ ಕಷ್ಟ. ಅವಳಿಗಳಾದರೆ ಇಬ್ಬರಿಗೂ ಅದೇ ಹೆಸರು, ಅದೇ ಹುಟ್ಟಿದ ದಿನ. ಗುರುತಿಗೆ ಆಸ್ಪತ್ರೆಯ ನಂಬರೇ ಆಧಾರ. ಹೆಸರು ಇರುವುದು ತಾಳೆ ನೋಡಲಿಕ್ಕೆ ಮಾತ್ರ.

ಕನ್ನಡದಲ್ಲಿ ಹೆಸರು ಕಳಿಸುವವರಿಗೆ ಒಂದು ಕಿವಿಮಾತು: ಎಂಎಸ್‌ಎಚ್ ಸಾಲಿನ 18ನೇ ಜಾಗದಲ್ಲಿ ಲಿಪಿಯ ಸಂಕೇತ ಯುಟಿಎಫ್-8 ಎಂದು ಹೇಳದಿದ್ದರೆ, ಅಥವಾ ಹೇಳಿದರೂ ಆಚೆಯ ತಂತ್ರಾಂಶ ಅದನ್ನು ಲೆಕ್ಕಕ್ಕಿಡದಿದ್ದರೆ, ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ.

ಟ್ಯೂಬು ಮತ್ತು ಬಾರ್‌ಕೋಡ್

ಮೇಲಿನ ಚೀಟಿಯ ಸಿಬಿಸಿಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ಎಲ್‌ಎಫ್‌ಟಿಗೆ ಹಳದಿ ಅಥವಾ ಕೆಂಪು, ಶುಗರ್‌ಗೆ ಬೂದು ಬಣ್ಣದ ಫ್ಲೋರೈಡ್. ರೋಗಿ ಒಬ್ಬರು, ಬಿಲ್ ಒಂದು, ಟ್ಯೂಬು ಮೂರು. ಮೂರಕ್ಕೂ ಒಂದೇ ಬಾರ್‌ಕೋಡ್ ಅಂಟಿಸುವ ಲ್ಯಾಬುಗಳಿವೆ. ಕೆಲಸ ನಡೆಯುತ್ತದೆ, ಆದರೆ ಬೂದು ಟ್ಯೂಬು ಬಂದೇ ಇಲ್ಲವೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಹಳದಿ ಟ್ಯೂಬನ್ನು ತಿರಸ್ಕರಿಸಿದರೆ ಯಾವುದು ತಿರಸ್ಕೃತವಾಯಿತು ಎಂಬ ದಾಖಲೆಯೂ ಉಳಿಯುವುದಿಲ್ಲ. ನಂಬರು ಇರಬೇಕಾದದ್ದು ಪ್ರತಿ ಟ್ಯೂಬಿಗೆ.

ದಿನವೂ 1ರಿಂದ ಶುರುವಾಗುವ ಸ್ಯಾಂಪಲ್ ನಂಬರ್ ಇನ್ನೊಂದು ಹಳೆಯ ರೂಢಿ. ನಿನ್ನೆಯ 47ನೇ ಟ್ಯೂಬು ರ‍್ಯಾಕಿನಲ್ಲಿ ಉಳಿದುಹೋಗಿ ಇವತ್ತು ಯಂತ್ರದೊಳಕ್ಕೆ ಹೋದರೆ, ಯಂತ್ರ ಇವತ್ತಿನ 47ನೆಯವರ ಪರೀಕ್ಷೆಗಳನ್ನು ಅದರ ಮೇಲೆ ಮಾಡಿ ಅವರ ಹೆಸರಿಗೇ ಕಳಿಸುತ್ತದೆ. ಎಲ್ಲ ಸಂದೇಶವೂ ಸರಿ, ಎಲ್ಲ ಸ್ವೀಕೃತಿಯೂ ಸರಿ, ರಕ್ತ ಮಾತ್ರ ಬೇರೆಯವರದು. ನಂಬರ್ ವರ್ಷಗಟ್ಟಲೆ ಮರುಕಳಿಸಬಾರದು. ಲೇಬಲ್ಲಿನಲ್ಲಿ ಹಿಡಿಸಬೇಕಾದ್ದರಿಂದ ತೀರಾ ಉದ್ದವೂ ಆಗಬಾರದು; 8ರಿಂದ 10 ಅಂಕಿ ಹೆಚ್ಚಿನ ಕಡೆ ಸಾಕಾಗುತ್ತದೆ.

ಲೇಬಲ್ ಅಂಟಿಸುವ ರೀತಿಯೂ ಈ ಶಿಸ್ತಿನ ಭಾಗವೇ. ಟ್ಯೂಬನ್ನು ನೆಟ್ಟಗೆ ಹಿಡಿದಾಗ ಬಾರ್‌ಕೋಡಿನ ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಕಾಣಬೇಕು. ಸುತ್ತಿ ಅಂಟಿಸಿದರೆ ಗೆರೆಗಳು ಟ್ಯೂಬಿನ ಬಾಗಿನಲ್ಲಿ ಮರೆಯಾಗುತ್ತವೆ, ಓರೆಯಾದರೆ ಸ್ಕ್ಯಾನರ್ ಓದುವುದಿಲ್ಲ. ಓದದಿದ್ದಾಗ ಟೆಕ್ನಿಷಿಯನ್ ನಂಬರನ್ನು ಕೈಯಿಂದ ಒತ್ತುತ್ತಾರೆ, ಬೆಳಗಿನ ಒಂಬತ್ತು ಗಂಟೆಯ ಗದ್ದಲದಲ್ಲಿ 6 ಹೋಗಿ 9 ಆಗುತ್ತದೆ.

ಲೇಬಲ್ ಯಾವಾಗ ಮುದ್ರಿಸಬೇಕು? ರಕ್ತ ತೆಗೆಯುವ ಜಾಗದಲ್ಲಿ, ರೋಗಿ ಎದುರಿಗಿರುವಾಗ, ಹೆಸರು ಹೇಳಿಸಿಕೊಂಡು. ಬಿಲ್ಲಿಂಗಿನಲ್ಲೇ ಮುದ್ರಿಸಿ ಟ್ಯೂಬುಗಳಿಗೆ ಮುಂಚಿತವಾಗಿ ಅಂಟಿಸಿಟ್ಟರೆ ಟ್ಯೂಬು ಅದಲುಬದಲಾಗುವ ಅಪಾಯವಿದೆ. ಅದಕ್ಕಿಂತ ಮೆಲ್ಲಗೆ ಆಗುವ ನಷ್ಟವೊಂದಿದೆ, ಅದೇ ಸಮಯದ್ದು. ಆರ್ಡರ್ ಆದದ್ದು, ರಕ್ತ ತೆಗೆದದ್ದು, ಲ್ಯಾಬಿಗೆ ಬಂದದ್ದು, ರಿಸಲ್ಟ್ ಹೊರಬಿದ್ದದ್ದು, ಸಹಿಯಾದದ್ದು ಐದು ಬೇರೆ ಬೇರೆ ಸಮಯಗಳು. ರಕ್ತ ತೆಗೆದ ಸಮಯ ಸಿಗದಿದ್ದರೆ ತಂತ್ರಾಂಶ ಬಿಲ್ ಆದ ಸಮಯವನ್ನೇ ಆ ಜಾಗಕ್ಕೆ ತುಂಬಿಬಿಡುತ್ತದೆ. ಪ್ಲಾಸ್ಮಾ ಬೇರ್ಪಡಿಸದೆ ಕೋಣೆಯ ಬಿಸುಪಿನಲ್ಲಿಟ್ಟ ರಕ್ತದಲ್ಲಿ ಗ್ಲೂಕೋಸ್ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ, ರಕ್ತಕಣಗಳು ಅದನ್ನು ತಿನ್ನುತ್ತಲೇ ಇರುತ್ತವೆ. ಫ್ಲೋರೈಡ್ ಇಲ್ಲದೆ ಮೂರು ಗಂಟೆ ಕಾದ ಕೆಂಪು ಟ್ಯೂಬನ್ನು ಹಿಡಿದು ನಿಲ್ಲಿಸುವ ನಿಯಮ ಬರೆಯಬೇಕಾದರೆ ಕಂಪ್ಯೂಟರಿಗೆ ನಿಜವಾದ ಸಮಯ ಬೇಕು.

ಯಂತ್ರದ ಜೊತೆ ಮಾತು

ಯಂತ್ರಕ್ಕೂ ಎಲ್‌ಐಎಸ್‌ಗೂ ಸಂಪರ್ಕ ಎರಡು ಬಗೆ. ಒಂದು ಏಕಮುಖ: ಯಂತ್ರ ರಿಸಲ್ಟ್ ಕಳಿಸುತ್ತದೆ ಅಷ್ಟೆ, ಯಾವ ಪರೀಕ್ಷೆ ಮಾಡಬೇಕೆಂದು ಟೆಕ್ನಿಷಿಯನ್ನೇ ಒತ್ತಬೇಕು. ಇನ್ನೊಂದು ದ್ವಿಮುಖ: ಯಂತ್ರ ಬಾರ್‌ಕೋಡ್ ಓದಿ ‘ಈ ನಂಬರಿಗೆ ಏನು ಮಾಡಲಿ’ ಎಂದು ಎಲ್‌ಐಎಸ್ ಅನ್ನು ಕೇಳುತ್ತದೆ, ಎಲ್‌ಐಎಸ್ ಪಟ್ಟಿ ಕೊಡುತ್ತದೆ. ಹಳೆಯ ಯಂತ್ರಗಳು ಎಎಸ್‌ಟಿಎಂ ಎಂದೇ ಹೆಸರಾದ ಪದ್ಧತಿಯಲ್ಲಿ ಮಾತಾಡುತ್ತವೆ. ಪದ್ಧತಿ ಒಂದೇ ಆದರೂ ಪ್ರತಿ ಕಂಪನಿಯ ಉಚ್ಚಾರಣೆ ಬೇರೆ, ಹಾಗಾಗಿ ಪ್ರತಿ ಹೊಸ ಯಂತ್ರಕ್ಕೂ ಹೊಸ ಡ್ರೈವರ್ ಬರೆಯಬೇಕಾಗುತ್ತದೆ. ಈ ತಲೆನೋವು ತಪ್ಪಿಸಲೆಂದೇ, ಆರೋಗ್ಯ ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದಿಸಲು ದುಡಿಯುವ ಐಎಚ್‌ಇ ಸಂಸ್ಥೆ ಯಂತ್ರ ತಯಾರಕರ ಒಕ್ಕೂಟದ ಜೊತೆ ಸೇರಿ ‘ಲಾ’ ಎಂಬ ಸಾಮಾನ್ಯ ಒಪ್ಪಂದ ರೂಪಿಸಿದೆ. ಹೊಸ ಯಂತ್ರ ಕೊಳ್ಳುವಾಗ ಅದು ಈ ಒಪ್ಪಂದದಂತೆ ದ್ವಿಮುಖವಾಗಿ ಮಾತಾಡುತ್ತದೆಯೇ ಎಂದು ಟೆಂಡರಿನಲ್ಲೇ ಬರೆದಿಟ್ಟರೆ ಮುಂದೆ ಹಣವೂ ಉಳಿಯುತ್ತದೆ, ವಾರಗಟ್ಟಲೆ ಕೆಲಸವೂ ಉಳಿಯುತ್ತದೆ.

ಎಲ್ಲಕ್ಕಿಂತ ಕಷ್ಟದ ಕೆಲಸ: ಹೆಸರಿಡುವುದು

ತಂತಿ ಎಳೆಯುವುದು, ಸಂದೇಶ ಕಳಿಸುವುದು ಇವೆಲ್ಲ ಎಂಜಿನಿಯರುಗಳ ಕೆಲಸ, ಕೆಲವು ವಾರಗಳಲ್ಲಿ ಮುಗಿಯುತ್ತದೆ. ತಿಂಗಳುಗಳನ್ನು ನುಂಗುವುದು ಪರೀಕ್ಷೆಗಳ ಹೆಸರಿನ ಕೋಷ್ಟಕ. ಒಂದೇ ಪರೀಕ್ಷೆಗೆ ಯಂತ್ರದಲ್ಲಿ ಒಂದು ಚುಟುಕು ಹೆಸರು, ಎಲ್‌ಐಎಸ್‌ನಲ್ಲಿ ಒಂದು ನಂಬರು, ಬಿಲ್ಲಿಂಗಿನಲ್ಲಿ ಇನ್ನೊಂದು. ಇವೆಲ್ಲಕ್ಕೂ ಹೊರಗಿನದೊಂದು ಸಾಮಾನ್ಯ ಹೆಸರು ಬೇಕೆಂದು ಅಮೆರಿಕದ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ ಕ್ಲೆಮ್ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು 1994ರಲ್ಲಿ ಕೆಲಸ ಶುರುಮಾಡಿದರು. ಅದೇ ಲೊಯಿಂಕ್. ಬಳಸಲು ಶುಲ್ಕವಿಲ್ಲ, ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ಬರುತ್ತದೆ.

ಲೊಯಿಂಕ್ ಒಂದು ಪರೀಕ್ಷೆಯನ್ನು ಆರು ಪ್ರಶ್ನೆಗಳಿಂದ ಗುರುತಿಸುತ್ತದೆ: ಏನನ್ನು ಅಳೆದದ್ದು, ಅದರ ಯಾವ ಗುಣ, ಅಂದರೆ ತೂಕವೋ, ಮೋಲ್ ಸಂಖ್ಯೆಯೋ, ಇದೆ-ಇಲ್ಲ ಎಂಬುದೋ, ಒಂದು ಕ್ಷಣದ್ದೋ 24 ಗಂಟೆ ಕೂಡಿಸಿದ್ದೋ, ಯಾವ ಸ್ಯಾಂಪಲ್ಲಿನಲ್ಲಿ, ಉತ್ತರ ಅಂಕಿಯೋ, ಶ್ರೇಣಿಯೋ, ಹೆಸರೋ, ಮತ್ತು ಅಗತ್ಯವಿದ್ದ ಕಡೆ ಮಾತ್ರ ಯಾವ ವಿಧಾನದಿಂದ. ‘ಶುಗರ್’ ಈ ಜರಡಿಯಲ್ಲಿ ಹಲವು ತುಂಡಾಗುತ್ತದೆ. ಸೀರಂ ಅಥವಾ ಪ್ಲಾಸ್ಮಾದ ಗ್ಲೂಕೋಸ್ ತೂಕದ ಲೆಕ್ಕದಲ್ಲಾದರೆ 2345-7, ಅದೇ ಖಾಲಿ ಹೊಟ್ಟೆಯದಾದರೆ 1558-6, ಊಟವಾದ ಎರಡು ಗಂಟೆಯ ಮೇಲಿನದಾದರೆ 1521-4, ಮಿಲಿಮೋಲ್ ಲೆಕ್ಕದಲ್ಲಿ ಕೊಟ್ಟರೆ 14749-6, ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿದ್ದಾದರೆ 41653-7. ಹೈಫನ್ನಿನ ಆಚೆಯ ಒಂಟಿ ಅಂಕಿ ಟೈಪಿಂಗ್ ತಪ್ಪು ಹಿಡಿಯಲಿಕ್ಕೆ ಇಟ್ಟದ್ದು.

ಎಲ್‌ಡಿಎಲ್ ಕೊಲೆಸ್ಟರಾಲಿನಲ್ಲಿ ವಿಧಾನವೂ ಮುಖ್ಯವಾಗುತ್ತದೆ. ಹೆಚ್ಚಿನ ಕಡೆ ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು ಕಳೆದು ಲೆಕ್ಕ ಹಾಕುತ್ತಾರೆ. 1972ರಿಂದ ಬಳಕೆಯಲ್ಲಿರುವ ಈ ಸೂತ್ರ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ನಂಬಿಕೆಗೆ ಬರುವುದಿಲ್ಲ. ಲೆಕ್ಕದ ಎಲ್‌ಡಿಎಲ್‌ಗೆ 13457-7, ನೇರವಾಗಿ ಅಳೆದದ್ದಕ್ಕೆ 18262-6. ಎರಡನ್ನೂ ಒಂದೇ ಕೋಡಿಗೆ ತಳ್ಳಿದರೆ ಗ್ರಾಫಿನಲ್ಲಿ ಕಾಣುವ ಏರಿಳಿತ ರೋಗಿಯದೋ ವಿಧಾನದ್ದೋ ಹೇಳಲಾಗದು.

ಕೋಷ್ಟಕ ಮಾಡುವಾಗ ಹೆಸರು ನೋಡಿ ಕೋಡ್ ಹುಡುಕುವುದೇ ದೊಡ್ಡ ತಪ್ಪು. ಎಲ್‌ಐಎಸ್‌ನಿಂದ ಪಟ್ಟಿ ಇಳಿಸಿಕೊಂಡು ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಸ್ಯಾಂಪಲ್, ಯೂನಿಟ್, ವಿಧಾನ, ಕಿಟ್ಟಿನ ಹೆಸರು ಮತ್ತು ಈಚಿನ ಇಪ್ಪತ್ತು ರಿಸಲ್ಟುಗಳನ್ನು ಇಟ್ಟುಕೊಂಡು ಕೂರಬೇಕು. ‘ಪ್ರೋಟೀನ್’ ಎಂದು ಬರೆದದ್ದು ಮೂತ್ರದ್ದೋ ಸೀರಂನದೋ ಎಂಬುದನ್ನು ಹೆಸರು ಹೇಳುವುದಿಲ್ಲ, ಆ ಇಪ್ಪತ್ತು ಅಂಕಿಗಳು ಹೇಳುತ್ತವೆ. ಕಿಟ್ ತಯಾರಕರಲ್ಲಿ ಹಲವರು ತಮ್ಮ ಕಿಟ್ಟಿಗೆ ಒಪ್ಪುವ ಲೊಯಿಂಕ್ ಕೋಡುಗಳ ಪಟ್ಟಿಯನ್ನು ‘ಲಿವಿಡ್’ ಎಂಬ ನಮೂನೆಯಲ್ಲಿ ಕೊಡುತ್ತಾರೆ, ಕೇಳಿ ಪಡೆಯಬೇಕು. ದಿನವೂ ಓಡುವ ಪರೀಕ್ಷೆಗಳನ್ನು ಮೊದಲು ಮುಗಿಸಿ, ವರ್ಷಕ್ಕೆರಡು ಸಲ ಬರುವವನ್ನು ಕೊನೆಗಿಡಿ. ಒಬ್ಬರು ಕೋಡ್ ಹಾಕಿದರೆ ಇನ್ನೊಬ್ಬರು, ಬೆಂಚಿನ ಮೇಲೆ ಆ ಪರೀಕ್ಷೆ ಮಾಡುವವರೇ, ತಾಳೆ ನೋಡಬೇಕು. ಹಳೆಯ ಸ್ಥಳೀಯ ಕೋಡನ್ನು ಎಸೆಯದೆ ಸಂದೇಶದಲ್ಲಿ ಲೊಯಿಂಕ್ ಪಕ್ಕದಲ್ಲೇ ಕಳಿಸಿ. ತಪ್ಪು ಬಯಲಾದಾಗ ಹಿಂದಕ್ಕೆ ಹೋಗಲು ಅದೊಂದೇ ಹಾದಿ.

ಅಂಕಿ, ಯೂನಿಟ್, ಸ್ಥಿತಿ

ಡೆಂಗಿ ಕಾಲದಲ್ಲಿ ಕರ್ನಾಟಕದ ಮನೆಮನೆಯಲ್ಲೂ ಪ್ಲೇಟ್‌ಲೆಟ್ ಲೆಕ್ಕ ನಡೆಯುತ್ತದೆ, ಅದೂ ಲಕ್ಷದಲ್ಲಿ. ಒಂದು ಲ್ಯಾಬ್ 1.5 ಎಂದು ಕೊಡುತ್ತದೆ, ಇನ್ನೊಂದು 1,50,000, ಮತ್ತೊಂದು 150. ಮೂರೂ ಒಂದೇ ಎಣಿಕೆ: ಮೊದಲನೆಯದು ಮೈಕ್ರೋಲೀಟರಿಗೆ ಲಕ್ಷ, ಕೊನೆಯದು ಮೈಕ್ರೋಲೀಟರಿಗೆ ಸಾವಿರ. ಯೂನಿಟ್ ಅಂಕಿಯಿಂದ ಬೇರೆಯಾಗಿ ತನ್ನದೇ ಜಾಗದಲ್ಲಿ ಬಾರದಿದ್ದರೆ 150ರ ಪಕ್ಕದಲ್ಲಿ 1.5 ಕೂತು, ಪ್ಲೇಟ್‌ಲೆಟ್ ನೂರನೇ ಒಂದು ಪಾಲಿಗೆ ಕುಸಿದಂತೆ ಕಾಣುತ್ತದೆ. ಯೂನಿಟ್ ಬರೆಯಲು ಯುಕಮ್ ಎಂಬ ಸಂಕೇತ ಪದ್ಧತಿ ಇದೆ, ಅದರಲ್ಲಿ ಲಕ್ಷಕ್ಕೆಂದೇ ಹೆಸರಿಲ್ಲ. ಸಾವಿರದ ಲೆಕ್ಕಕ್ಕೆ ಬದಲಿಸಿ ಕಳಿಸಿ, ಮುದ್ರಿಸುವಾಗ ಬೇಕಾದರೆ ಲಕ್ಷದಲ್ಲಿ ತೋರಿಸುವುದು ಒಳ್ಳೆಯ ದಾರಿ. ಗ್ಲೂಕೋಸಿನ ಮಿಲಿಗ್ರಾಂ ಅಂಕಿಯನ್ನು 18ರಿಂದ ಭಾಗಿಸಿದರೆ ಮಿಲಿಮೋಲ್, ಕ್ರಿಯಾಟಿನಿನ್ ಮಿಲಿಗ್ರಾಂ ಅಂಕಿಯನ್ನು 88.4ರಿಂದ ಗುಣಿಸಿದರೆ ಮೈಕ್ರೋಮೋಲ್. ಗಲ್ಫ್‌ನಲ್ಲೋ ಇಂಗ್ಲೆಂಡಿನಲ್ಲೋ ಮಾಡಿಸಿದ ರಿಪೋರ್ಟ್ ಹಿಡಿದು ಊರಿಗೆ ಬಂದವರಿಗೆ ಈ ಲೆಕ್ಕ ತಟ್ಟನೆ ಎದುರಾಗುತ್ತದೆ.

ಉತ್ತರ ಯಾವಾಗಲೂ ಬರೀ ಅಂಕಿಯಾಗಿರುವುದಿಲ್ಲ. ಥೈರಾಯ್ಡಿನ ಟಿಎಸ್‌ಎಚ್ ‘0.01ಕ್ಕಿಂತ ಕಡಿಮೆ’ ಎಂದು ಬರುತ್ತದೆ, ಟೈಫಾಯ್ಡಿನ ವಿಡಾಲ್ ಪರೀಕ್ಷೆ ‘1:80’ ಎಂದು ಬರುತ್ತದೆ. ಒಬಿಎಕ್ಸ್ ಸಾಲಿನಲ್ಲಿ ಉತ್ತರದ ಬಗೆಯನ್ನು ಮೊದಲೇ ಹೇಳಬೇಕು. ಶುದ್ಧ ಅಂಕಿ ಎಂದು ಹೇಳಿ ಒಳಗೆ ‘ಕಡಿಮೆ’ ಚಿಹ್ನೆ ಇಟ್ಟರೆ, ಕಟ್ಟುನಿಟ್ಟಿನ ತಂತ್ರಾಂಶ ಸಂದೇಶವನ್ನೇ ತಿರಸ್ಕರಿಸುತ್ತದೆ, ಉದಾರ ತಂತ್ರಾಂಶ ಚಿಹ್ನೆಯನ್ನು ನುಂಗಿ 0.01 ಎಂದು ಉಳಿಸಿಕೊಳ್ಳುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಚಿಹ್ನೆ, ಅಂಕಿ, ಅನುಪಾತಗಳನ್ನು ಬಿಡಿಸಿ ಇಡಲು ಎಸ್‌ಎನ್ ಎಂಬ ಬಗೆಯೇ ಎಚ್‌ಎಲ್7ನಲ್ಲಿದೆ. ಇನ್ನು ‘ಸ್ಯಾಂಪಲ್ ಹಿಮೊಲೈಸ್ ಆಗಿದೆ’, ಅಂದರೆ ರಕ್ತಕಣ ಒಡೆದಿದೆ, ಎಂಬ ವಾಕ್ಯವನ್ನು ಪೊಟ್ಯಾಸಿಯಂ ಅಂಕಿಯ ಜಾಗದಲ್ಲಿ ಬರೆಯುವುದು, ಮಾಡದ ಪರೀಕ್ಷೆಗೆ 0 ಹಾಕುವುದು ದಿನನಿತ್ಯದ ಪಾಪಗಳು. ತಿರಸ್ಕಾರದ ಕಾರಣಕ್ಕೆ ಸ್ಯಾಂಪಲ್ ಸಾಲಿನಲ್ಲಿ ಪ್ರತ್ಯೇಕ ಜಾಗವಿದೆ.

ನಾರ್ಮಲ್ ಮಿತಿಯನ್ನು ಲ್ಯಾಬೇ ರಿಸಲ್ಟಿನ ಜೊತೆ ಕಳಿಸಬೇಕು, ಪಡೆದವರು ತಮ್ಮದನ್ನು ಹಾಕಿಕೊಳ್ಳಬಾರದು. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ನೋಡಿ: ಒಂದು ಕಂಪನಿಯ ಕಿಟ್ಟಿನ ಮಿತಿ ಇನ್ನೊಂದಕ್ಕೆ ಹೊಂದುವುದಿಲ್ಲ. ಯೂನಿಟ್ ಒಂದೇ ಇದ್ದರೂ ಎರಡು ಲ್ಯಾಬಿನ ಟ್ರೋಪೋನಿನ್ ಅಂಕಿಗಳನ್ನು ಗೆರೆ ಎಳೆದು ಜೋಡಿಸುವುದು ತಪ್ಪು. ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಪರೀಕ್ಷೆಗೂ ಇದೇ ಮಾತು.

ಸ್ಥಿತಿಯನ್ನು ಹೇಳಲು ಒಂದೊಂದು ಅಕ್ಷರ: ತಾತ್ಕಾಲಿಕಕ್ಕೆ ‘ಪಿ’, ಅಂತಿಮಕ್ಕೆ ‘ಎಫ್’, ತಿದ್ದಿದ್ದಕ್ಕೆ ‘ಸಿ’, ಮಾಡಲಾಗದ್ದಕ್ಕೆ ‘ಎಕ್ಸ್’. ತಿದ್ದುಪಡಿಯಲ್ಲೇ ಹೆಚ್ಚು ಎಡವುವುದು. ಪೊಟ್ಯಾಸಿಯಂ 7.8, ಕ್ಯಾಲ್ಸಿಯಂ ತೀರಾ ಕಡಿಮೆ ಎಂದು ಬೆಳಿಗ್ಗೆ ರಿಪೋರ್ಟ್ ಹೋಯಿತು. ಇಡಿಟಿಎ ಟ್ಯೂಬಿನ ರಕ್ತವನ್ನು ಹಳದಿ ಟ್ಯೂಬಿಗೆ ಸುರಿದಿದ್ದರು ಎಂದು ಮಧ್ಯಾಹ್ನ ತಿಳಿಯಿತು ಅನ್ನಿ. ಆ ಟ್ಯೂಬಿನ ಪೊಟ್ಯಾಸಿಯಂ ಉಪ್ಪು ಪೊಟ್ಯಾಸಿಯಂ ಅಂಕಿಯನ್ನು ಏರಿಸಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ತಿದ್ದಿದ ರಿಸಲ್ಟ್ ಹಳೆಯದರ ಮೇಲೆ ಸದ್ದಿಲ್ಲದೆ ಕೂತರೆ, 7.8 ನೋಡಿ ಚಿಕಿತ್ಸೆ ಶುರುಮಾಡಿದ ವೈದ್ಯರಿಗೆ ವಿಷಯವೇ ತಿಳಿಯುವುದಿಲ್ಲ. ಹಳೆಯ ಅಂಕಿ, ಹೊಸ ಅಂಕಿ, ತಿದ್ದಿದ ಹೊತ್ತು, ಕಾರಣ ನಾಲ್ಕೂ ಪರದೆಯಲ್ಲಿ ಇರಬೇಕು, ಆರ್ಡರ್ ಕೊಟ್ಟವರಿಗೆ ಹೊಸದಾಗಿ ಸೂಚನೆಯೂ ಹೋಗಬೇಕು.

ಸಂದೇಶ ತಲುಪಿದಾಗ ಆಚೆಯ ಕಂಪ್ಯೂಟರ್ ಸ್ವೀಕೃತಿ ಕಳಿಸುತ್ತದೆ. ಕಂಪ್ಯೂಟರಿಗೆ ಸಿಕ್ಕಿತು ಎಂಬುದಷ್ಟೇ ಅದರ ಅರ್ಥ, ವೈದ್ಯರು ನೋಡಿದರು ಎಂದಲ್ಲ. ಪ್ರಾಣಾಪಾಯ ಸೂಚಿಸುವ ಅಂಕಿ ಬಂದಾಗ ಫೋನ್ ಮಾಡಿ, ಆಚೆಯವರಿಂದ ಅಂಕಿಯನ್ನು ಮರಳಿ ಹೇಳಿಸಿ, ಯಾರಿಗೆ ಎಷ್ಟು ಹೊತ್ತಿಗೆ ಹೇಳಿದ್ದು ಎಂದು ಎಲ್‌ಐಎಸ್‌ನಲ್ಲಿ ದಾಖಲಿಸುವ ಪದ್ಧತಿ ಎಷ್ಟು ಸಾಫ್ಟ್‌ವೇರ್ ಬಂದರೂ ಹೋಗಬಾರದು. ಭಾರತದ ಲ್ಯಾಬುಗಳಿಗೆ ಸಿಗುವ ಎನ್‌ಎಬಿಎಲ್ ಮಾನ್ಯತೆಯ ಆಧಾರವಾದ ಐಎಸ್‌ಒ 15189 ಮಾನದಂಡ ಕೂಡ ಇಂಥ ದಾಖಲೆ ಕೇಳುತ್ತದೆ.

ಭಾರತದಲ್ಲಿ ಎಲ್ಲಿದ್ದೇವೆ

ಕೇಂದ್ರ ಆರೋಗ್ಯ ಸಚಿವಾಲಯದ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ ಮಾನದಂಡಗಳು 2013ರಲ್ಲಿ ಬಂದು 2016ರಲ್ಲಿ ಪರಿಷ್ಕೃತವಾದವು. ಲೊಯಿಂಕ್, ವೈದ್ಯಕೀಯ ಪದಗಳ ಕೋಡ್ ಪಟ್ಟಿಯಾದ ಸ್ನೊಮೆಡ್ ಸಿಟಿ, ಎಚ್‌ಎಲ್7 ಮೂರೂ ಅದರಲ್ಲಿವೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 14 ಅಂಕಿಯ ಆರೋಗ್ಯ ಗುರುತಾದ ಆಭಾ ನಂಬರಿನ ಮೂಲಕ, ರೋಗಿಯ ಒಪ್ಪಿಗೆ ಪಡೆದು ದಾಖಲೆ ಹಂಚುವ ವ್ಯವಸ್ಥೆ. ಅದು ಬಳಸುವುದು ಎಚ್‌ಎಲ್7ರ ಹೊಸ ಪೀಳಿಗೆಯಾದ ಫೈರ್ ಅನ್ನು. ಅದರ ಕೈಪಿಡಿಯನ್ನು ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ಪ್ರಕಟಿಸುತ್ತದೆ. ಫೈರ್‌ನಲ್ಲಿ ಆರ್ಡರ್ ಎಂದರೆ ‘ಸರ್ವಿಸ್ ರಿಕ್ವೆಸ್ಟ್’, ಟ್ಯೂಬು ‘ಸ್ಪೆಸಿಮನ್’, ಒಂದೊಂದು ಅಂಕಿ ‘ಅಬ್ಸರ್ವೇಶನ್’, ಎಲ್ಲವನ್ನೂ ಕಟ್ಟುವ ಹೊರಕವಚ ‘ಡಯಗ್ನೋಸ್ಟಿಕ್ ರಿಪೋರ್ಟ್’.

ಒಂದು ಸಣ್ಣ ಕಿಂಡಿ ಇಲ್ಲಿದೆ. ಡಯಗ್ನೋಸ್ಟಿಕ್ ರಿಪೋರ್ಟಿನೊಳಗೆ ಪಿಡಿಎಫ್ ಲಗತ್ತಿಸಲೂ ಅವಕಾಶವುಂಟು. ಅಬ್ಸರ್ವೇಶನ್ ಒಂದೂ ಇಲ್ಲದೆ ಬರೀ ಪಿಡಿಎಫ್ ಇಟ್ಟು ಕಳಿಸಿದರೆ ಲಕೋಟೆ ಹೊಸದು, ಒಳಗಿರುವುದು ಅದೇ ಕಾಗದದ ಫೋಟೋ. ಈ ಮಿಷನ್ ಮುಖ್ಯವಾಗಿ ನೋಡಿಕೊಳ್ಳುವುದು ಮುಗಿದ ದಾಖಲೆಯ ಹಂಚಿಕೆಯನ್ನು. ಆರ್ಡರಿನಿಂದ ಟ್ಯೂಬಿಗೆ, ಟ್ಯೂಬಿನಿಂದ ಯಂತ್ರಕ್ಕೆ ಹೋಗುವ ಒಳದಾರಿಯನ್ನು ಆಸ್ಪತ್ರೆಯೇ ಸರಿಮಾಡಿಕೊಳ್ಳಬೇಕು.

ಚಾಲೂ ಮಾಡುವ ಮುನ್ನ

ವೆಂಡರ್ ಒಂದು ಸಿಬಿಸಿ ಕಳಿಸಿ, ರಿಸಲ್ಟ್ ಬಂತು ನೋಡಿ ಎಂದು ತೋರಿಸುವುದನ್ನು ಪರೀಕ್ಷೆ ಎಂದು ಒಪ್ಪಿಕೊಳ್ಳಬೇಡಿ. ಕೆಡಿಸಿ ನೋಡಬೇಕು. ಸ್ಯಾಂಪಲ್ ಲ್ಯಾಬಿಗೆ ಬಂದಮೇಲೆ ಆರ್ಡರ್ ರದ್ದು ಮಾಡಿ. ಇದ್ದ ಟ್ಯೂಬಿಗೇ ಇನ್ನೊಂದು ಪರೀಕ್ಷೆ ಸೇರಿಸಿ. ನೆಟ್‌ವರ್ಕ್ ಕೇಬಲ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ: ಸಾಲಿನಲ್ಲಿ ನಿಂತಿದ್ದ ರಿಸಲ್ಟುಗಳೆಲ್ಲ ಬಂದವೇ, ಯಾವುದಾದರೂ ಎರಡು ಸಲ ಬಂತೇ ಎಂದು ಎಣಿಸಿ. ಸ್ವೀಕೃತಿ ದಾರಿಯಲ್ಲಿ ಕಳೆದರೆ ಕಳಿಸಿದವರು ಅದೇ ಸಂದೇಶವನ್ನು ಮತ್ತೆ ಕಳಿಸುತ್ತಾರೆ, ಪಡೆದವರು ನಂಬರ್ ನೋಡಿ ಅದು ಹಳೆಯದೇ ಎಂದು ಗುರುತಿಸಬೇಕು. ಮೂರು ದಿನದ ಕೂಸಿಗೆ ಬಿಲಿರುಬಿನ್ ಆರ್ಡರ್ ಮಾಡಿ. ವಯಸ್ಸು ವರ್ಷದ ಲೆಕ್ಕದಲ್ಲಿ 0 ಎಂದಷ್ಟೇ ಹೋದರೆ ಮಿತಿ ತಪ್ಪಾಗಿ ಬರುತ್ತದೆ. ಮೂತ್ರದ ಕಲ್ಚರ್ ಹಾಕಿ, ಮೊದಲ ದಿನ ತಾತ್ಕಾಲಿಕ ಉತ್ತರ, ಮೂರನೇ ದಿನ ಬ್ಯಾಕ್ಟೀರಿಯಾದ ಹೆಸರು, ಅದರ ಕೆಳಗೆ ಔಷಧಿಗಳ ಪಟ್ಟಿ ಸರಿಯಾಗಿ ಅದೇ ಬ್ಯಾಕ್ಟೀರಿಯಾಗೆ ಕಟ್ಟಿಕೊಂಡು ಬಂದಿದೆಯೇ ನೋಡಿ. ಎರಡು ಬ್ಯಾಕ್ಟೀರಿಯಾ ಬೆಳೆದಾಗ ಇದು ಕಲಸುಮೇಲೋಗರವಾಗುವುದೇ ಹೆಚ್ಚು.

ಚಾಲೂ ಆದಮೇಲೆ ಕೋಷ್ಟಕ ಹಳತಾಗುವುದು ಕಿಟ್ ಬದಲಾದ ದಿನ. ಖರೀದಿ ವಿಭಾಗ ಅಗ್ಗದ ಕಿಟ್ ತರಿಸುತ್ತದೆ, ವಿಧಾನ ಬೇರೆ, ಯೂನಿಟ್ಟೂ ಬೇರೆ ಇರಬಹುದು. ಎಲ್‌ಐಎಸ್ ನೋಡಿಕೊಳ್ಳುವವರಿಗೆ ಸುದ್ದಿಯೇ ಇರುವುದಿಲ್ಲ. ಹೊಸ ಕಿಟ್ಟಿನ ಪೆಟ್ಟಿಗೆ ಬಿಚ್ಚುವ ಮುಂಚೆ ವಿಧಾನ, ಯೂನಿಟ್, ಮಿತಿ, ಲೊಯಿಂಕ್ ಕೋಡ್ ಈ ನಾಲ್ಕನ್ನೂ ತುಂಬಿ ಇಬ್ಬರು ಸಹಿ ಹಾಕುವ ಅರ್ಧ ಪುಟದ ಫಾರಂ ಒಂದನ್ನು ರೀಏಜೆಂಟ್ ಫ್ರಿಜ್ಜಿನ ಬಾಗಿಲಿಗೇ ತೂಗುಹಾಕಿಡಿ.